ಹಿಮ ಕರಗುವ ಹೊತ್ತಿಗೆ ಅಮೋನಿಯಾ ಇಳಿಯುತ್ತಿಲ್ಲ, ಗಾಳಿ ಮಾತ್ರ ಬೇಕಾದಷ್ಟಿದೆ

ಬೆಟ್ಟದನೀರು:
ನಮ್ಮದು ಬೆಟ್ಟದ ಮೇಲಿನ ಸಣ್ಣ ಊರು. ಕೊಳಚೆ ನೀರಿಗೆ ಗಾಳಿ ಊದುವ ಒಂದು ಏರೇಷನ್ ಟ್ಯಾಂಕ್, ಕೆಸರು ತಳಕ್ಕಿಳಿಯುವ ಒಂದು ಕ್ಲಾರಿಫೈಯರ್, ಅಷ್ಟೇ. ದಿನಕ್ಕೆ ಸುಮಾರು 60 ಘನ ಮೀಟರ್ ನೀರು ಬರುತ್ತದೆ. ಚಳಿಗಾಲವೆಲ್ಲ ಚೆನ್ನಾಗೇ ನಡೆದಿತ್ತು. ಹಿಮ ಕರಗಲು ಶುರುವಾದ ಮೇಲೆ ಹೊರನೀರಿನ, ಅಂದರೆ ಪ್ಲಾಂಟಿನಿಂದ ಹೊರಹೋಗುವ ನೀರಿನ, ಅಮೋನಿಯಾ ಏರುತ್ತಲೇ ಇದೆ. ಟ್ಯಾಂಕಿನ ನೀರು 7 ಡಿಗ್ರಿ, ಪಿಎಚ್ 6.3, ಆಮ್ಲಜನಕ ಲೀಟರಿಗೆ 5 ಮಿ.ಗ್ರಾಂ. ಗಾಳಿ ಊದುವ ಬ್ಲೋವರ್ ಇನ್ನೂ ಜೋರು ಮಾಡಿ ನೋಡಿದೆವು, ಏನೂ ಬದಲಾಗಲಿಲ್ಲ. ಕೆಳಗಿನ ಹೊಳೆಯಲ್ಲಿ ಮೀನುಗಳಿವೆ, ಅದೇ ಚಿಂತೆ.

ಕೆಸರುಲೆಕ್ಕ:
5 ಮಿ.ಗ್ರಾಂ ಇದ್ದರೆ ಗಾಳಿ ಸಾಕು, 2 ಇದ್ದರೂ ನಡೆಯುತ್ತದೆ. ಬ್ಲೋವರ್ ಇಳಿಸಿ. ಸುಮ್ನೆ ತಣ್ಣನೆ ಗಾಳಿ ಊದಿದರೆ ನೀರು ಇನ್ನೂ ತಣ್ಣಗಾಗುತ್ತದೆ, ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) ಮುದ್ದೆಗಳು ಒಡೆದು ಹೊರನೀರು ಕದಡುತ್ತದೆ.

ನನಗೆ ಅನುಮಾನ ಬರುತ್ತಿರುವುದು ಪಿಎಚ್ ಮೇಲೆ. ಅಲ್ಕಲಿನಿಟಿ, ಅಂದರೆ ಆಮ್ಲ ತಡೆದು ಪಿಎಚ್ ಬೀಳದಂತೆ ಕಾಯುವ ನೀರಿನ ಶಕ್ತಿ, ಅಳೆದಿದ್ದೀರಾ? ಒಂದು ಮಿ.ಗ್ರಾಂ ಅಮೋನಿಯಾ ನೈಟ್ರೋಜನ್ ನೈಟ್ರೇಟ್ ಆಗಲು ಸುಮಾರು 7.1 ಮಿ.ಗ್ರಾಂ ಅಲ್ಕಲಿನಿಟಿ ಬೇಕು. ಬೆಟ್ಟದ ನೀರು ಮೊದಲೇ ಮೆದು, ಅದರಲ್ಲಿ ಅಲ್ಕಲಿನಿಟಿ ಕಡಿಮೆ. ಅದರ ಮೇಲೆ ಹಿಮದ ನೀರು ಸೇರಿದರೆ ಏನು ಉಳಿಯುತ್ತದೆ ಹೇಳಿ? 10 ಡಿಗ್ರಿಗಿಂತ ಕೆಳಗೆ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಹೇಗೂ ನಿಧಾನ. ಪಿಎಚ್ ಕೂಡ ಬಿದ್ದರೆ ಕೆಲಸವನ್ನೇ ಬಿಡುತ್ತವೆ.

ಇನ್ನೊಂದು ಕೆಲಸ. ಊರೆಲ್ಲ ಮಲಗಿರುವ ಹೊತ್ತು, ರಾತ್ರಿ ಮೂರರ ಸುಮಾರಿಗೆ, ಮ್ಯಾನ್‌ಹೋಲ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಒಳಗೆ ಮಾತ್ರ ಇಳಿಯಬೇಡಿ, ಕೆಟ್ಟ ಗಾಳಿ ಜೀವ ತೆಗೆಯುತ್ತದೆ. ಆ ಹೊತ್ತಲ್ಲಿ ಪೈಪಿನಲ್ಲಿ ತಿಳಿನೀರು ಜೋರಾಗಿ ಹರಿಯುತ್ತಿದ್ದರೆ ಅದು ಮನೆಗಳ ನೀರಲ್ಲ.

ಬೆಟ್ಟದನೀರು:
ನೋಡಿದೆವು. ಮೇಲಿನ ಬೀದಿಯ ಪೈಪಿನಲ್ಲಿ ತಳದ ಕಲ್ಲು ಕಾಣುವಷ್ಟು ತಿಳಿನೀರು, ಮುಟ್ಟಿದರೆ ಕೈ ಮರಗಟ್ಟುವಷ್ಟು ತಣ್ಣಗೆ. ಕೆಳಗಿನ ಬೀದಿಯಲ್ಲಿ ಸಣ್ಣ ಎಳೆಯಷ್ಟೇ. ಅಲ್ಕಲಿನಿಟಿ ಒಳಬರುವಾಗ 110, ಹೊರಹೋಗುವಾಗ ಬರೀ 15. ಒಳಬರುವ ಅಮೋನಿಯಾ 25.

ಕೆಸರುಲೆಕ್ಕ:
ಸಿಕ್ಕಿತು ಅಲ್ವಾ! ಲೆಕ್ಕ ನೋಡಿ. 25ಕ್ಕೆ ಬೇಕಾದ್ದು ಸುಮಾರು 178. ಪಿಎಚ್ ನಿಲ್ಲಲು ಹೊರನೀರಲ್ಲಿ ಕನಿಷ್ಠ 50 ಉಳಿಯಬೇಕು. ಒಟ್ಟು 228, ನಿಮ್ಮ ಹತ್ತಿರ ಇರುವುದು 110. ಕೊರತೆ 118. ಸೋಡಿಯಂ ಬೈಕಾರ್ಬನೇಟ್ (ಅಡುಗೆ ಸೋಡಾ) ಆದರೆ ಘನ ಮೀಟರಿಗೆ ಸುಮಾರು 200 ಗ್ರಾಂ, ಅಂದರೆ ದಿನಕ್ಕೆ 12 ಕಿಲೋ. ಸುಣ್ಣಕ್ಕಿಂತ ದುಬಾರಿ ನಿಜ, ಆದರೆ ಕೈತಪ್ಪಿ ಸ್ವಲ್ಪ ಜಾಸ್ತಿ ಬಿದ್ದರೂ ಪಿಎಚ್ ಒಮ್ಮೆಲೇ ಹಾರುವುದಿಲ್ಲ. ಸಣ್ಣ ಪ್ಲಾಂಟಿಗೆ ನಾನು ಇದನ್ನೇ ಹೇಳುತ್ತೇನೆ. ದಿನದ ಪಾಲನ್ನು ಕರಗಿಸಿ ಇಡೀ ದಿನ ಹನಿಹನಿಯಾಗಿ ಬಿಡಿ.

ಸ್ಲಡ್ಜ್ ಹೊರತೆಗೆಯುವುದು ಕಡಿಮೆ ಮಾಡಿ. ಈ ಚಳಿಗೆ ಅದು ಟ್ಯಾಂಕಿನಲ್ಲಿ 20 ದಿನಕ್ಕೂ ಜಾಸ್ತಿ ಇರಬೇಕು. ಆದರೆ ಮಧ್ಯಾಹ್ನದ ಮೇಲೆ ಹಿಮ ಕರಗಿದ ನೀರು ನುಗ್ಗುವಾಗ ಕ್ಲಾರಿಫೈಯರ್ ಮೇಲೆ ಕಣ್ಣಿರಲಿ, ಸ್ಲಡ್ಜ್ ಕೊಚ್ಚಿಹೋದರೆ ಮತ್ತೆ ಬೆಳೆಯಲು ವಾರಗಟ್ಟಲೆ ಬೇಕು.

ಮೇಲಿನ ಬೀದಿಯಲ್ಲಿ ಛಾವಣಿ ಪೈಪುಗಳು ಒಳಚರಂಡಿಗೆ ಸೇರಿವೆಯೇ ಅಂತ ಬಣ್ಣ ಹಾಕಿ ಪತ್ತೆ ಮಾಡಿ. ತಗ್ಗಿನಲ್ಲಿರುವ ಮ್ಯಾನ್‌ಹೋಲ್ ಮುಚ್ಚಳಗಳಿಂದ ನೀರು ಇಳಿಯುತ್ತಿದೆಯೇ ಅಂತಲೂ ನೋಡಿ.

ಬೆಟ್ಟದನೀರು:
ಸೋಡಾ ಹಾಕುತ್ತಿದ್ದೇವೆ. ಪಿಎಚ್ 7ರ ಹತ್ತಿರ ಬಂದಿದೆ, ಅಮೋನಿಯಾ ನಿಧಾನವಾಗಿ ಇಳಿಯುತ್ತಿದೆ. ಎರಡು ಮನೆಗಳ ಛಾವಣಿ ಪೈಪು ಸಿಕ್ಕಿತು, ಬೇರೆ ಕಡೆ ತಿರುಗಿಸುತ್ತಿದ್ದಾರೆ. ಸೋಡಾ ಯಾವಾಗ ನಿಲ್ಲಿಸಬಹುದು?

ಕೆಸರುಲೆಕ್ಕ:
ಒಮ್ಮೆಲೇ ನಿಲ್ಲಿಸಬೇಡಿ. ಹೊರನೀರಿನ ಅಲ್ಕಲಿನಿಟಿ 80 ದಾಟಿ ಅಲ್ಲೇ ನಿಂತರೆ ಸ್ವಲ್ಪ ಸ್ವಲ್ಪ ಇಳಿಸಿ. ಅಮೋನಿಯಾ ಪೂರ್ತಿ ಹತೋಟಿಗೆ ಬಂದ ಮೇಲೆ ಬ್ಲೋವರನ್ನು ಆಗಾಗ ನಿಲ್ಲಿಸಿ, ಮಿಕ್ಸರ್ ಮಾತ್ರ ಓಡಿಸಿ. ಗಾಳಿ ಇಲ್ಲದ ಹೊತ್ತಲ್ಲಿ ನೈಟ್ರೇಟ್ ಒಡೆದು, ಕಳೆದುಕೊಂಡ ಅಲ್ಕಲಿನಿಟಿಯಲ್ಲಿ ಅರ್ಧದವರೆಗೂ ವಾಪಸ್ ಸಿಗುತ್ತದೆ. ಸೋಡಾ ಖರ್ಚೂ ಅಷ್ಟು ಕಡಿಮೆ.