ಮನೆಯ ಕಂಪ್ಯೂಟರಿಗೆ ಯಾವ ವಿಶ್ವಕೋಶ ಸೂಕ್ತ?

ಪ್ರಶ್ನೆ (ದಾವಣಗೆರೆ): ಏಳನೆಯ ತರಗತಿಯ ಮಗಳೂ ಅವಳ ಅಜ್ಜನೂ ಒಟ್ಟಿಗೆ ಕುಳಿತು ಓದಬಹುದಾದ ವಿಶ್ವಕೋಶವೊಂದನ್ನು ಮನೆಯ ಕಂಪ್ಯೂಟರಿನಲ್ಲಿ ಹಾಕಿಕೊಳ್ಳಬೇಕೆಂದಿದ್ದೇನೆ. ಸಂಜೆ ಇಂಟರ್ನೆಟ್ ಆಗಾಗ ಕೈಕೊಡುವುದರಿಂದ ಅದಿಲ್ಲದೆಯೂ ನಡೆಯುವಂಥದ್ದು ಬೇಕು. ಹಿಂದೆ ಕೊಂಡಿದ್ದ ಎನ್ಕಾರ್ಟಾ ಸಿ.ಡಿ. ಕಪಾಟಿನಲ್ಲಿದೆ, ಅದು ಸಾಕೇ?

ಉತ್ತರ 1: ಸಾಲದು ಸರ್. 1993ರಲ್ಲಿ ಬಂದ ಎನ್ಕಾರ್ಟಾವನ್ನು ಮೈಕ್ರೋಸಾಫ್ಟ್ 2009ರಲ್ಲಿ ನಿಲ್ಲಿಸಿತು. ನಿಮ್ಮದು 2006ಕ್ಕಿಂತ ಹಿಂದಿನ ಸಿ.ಡಿ. ಆಗಿದ್ದರೆ ಅದರಲ್ಲಿ ಪ್ಲೂಟೊ ಇನ್ನೂ ಒಂಬತ್ತನೆಯ ಗ್ರಹವಾಗಿಯೇ ಇರುತ್ತದೆ, ಮಗು ಅದನ್ನೇ ಪರೀಕ್ಷೆಯಲ್ಲಿ ಬರೆದೀತು. ಉಚಿತವಾಗಿ ಸಿಗುವ ಕಿವಿಕ್ಸ್ ಎಂಬ ತಂತ್ರಾಂಶವನ್ನು ಹಾಕಿಕೊಳ್ಳಿ. ಒಮ್ಮೆ ಇಳಿಸಿಕೊಂಡ ವಿಕಿಪೀಡಿಯವನ್ನು ಅದು ಇಂಟರ್ನೆಟ್ ಇಲ್ಲದೆಯೇ ತೆರೆಯುತ್ತದೆ. ಚಿತ್ರಗಳಿರುವ ಪೂರ್ಣ ಇಂಗ್ಲಿಷ್ ಆವೃತ್ತಿ ಸುಮಾರು 100 ಜಿ.ಬಿ. ಜಾಗ ಹಿಡಿಯುತ್ತದೆ. ಮಕ್ಕಳಿಗೆ ಸರಳ ಇಂಗ್ಲಿಷಿನದು ಚಿಕ್ಕದು, ಭಾಷೆಯೂ ಸುಲಭ.

ಉತ್ತರ 2 (ಚಿತ್ರದುರ್ಗ): ಅಜ್ಜನವರಿಗಾಗಿ ಕನ್ನಡ ವಿಕಿಪೀಡಿಯವನ್ನೂ ಮರೆಯದೆ ಇಳಿಸಿಕೊಳ್ಳಿ. ಲೇಖನಗಳು ಕಡಿಮೆಯಿದ್ದರೂ, ನಮ್ಮ ಚಂದ್ರವಳ್ಳಿಯ ಬಗ್ಗೆ ಮೊಮ್ಮಗಳು ಕೇಳಿದಾಗ ಇಬ್ಬರೂ ಒಂದೇ ಪುಟವನ್ನು ಕನ್ನಡದಲ್ಲಿ ಓದುವ ಸಂತೋಷ ದೊಡ್ಡದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಬರಹಗಳೂ ವಿಕಿಸೋರ್ಸ್ ಎಂಬ ಉಚಿತ ಜಾಲತಾಣದ ಗ್ರಂಥಾಲಯದಲ್ಲಿವೆ. ಹಳೆಯವಾದರೂ ವಿದ್ವಾಂಸರು ಬರೆದವು.

ಉತ್ತರ 3: ಒಂದು ಎಚ್ಚರಿಕೆ. ಕಡತವನ್ನು ಬೇರೆಯವರ ಮನೆಯಿಂದ ಪೆನ್ ಡ್ರೈವಿನಲ್ಲಿ ತರುವುದಾದರೆ, ಎಫ್‌ಎಟಿ32 ಮಾದರಿಯ ಡ್ರೈವ್ 4 ಜಿ.ಬಿ.ಗಿಂತ ದೊಡ್ಡ ಕಡತವನ್ನು ಹಿಡಿಯುವುದಿಲ್ಲ. ಎರಡು ಗಂಟೆ ಕಾದು ಬರಿಗೈಯಲ್ಲಿ ಮರಳಿದ ಮೇಲೆ ನನಗಿದು ತಿಳಿಯಿತು. ದೊಡ್ಡ ಕಡತವನ್ನೂ ಹಿಡಿಯುವ ಎಕ್ಸ್‌ಫ್ಯಾಟ್ ಮಾದರಿಗೆ ಡ್ರೈವನ್ನು ಫಾರ್ಮ್ಯಾಟ್ ಮಾಡಿಯೇ ಹೊರಡಿ.