ಹದಿನಾರು ದಿನ, ಒಂದು ಕಾರು, ಇಡೀ ಟರ್ಕಿ: ಅಪ್ಪನ ಜೊತೆ ಇದು ಸಾಧ್ಯವೇ?

ಧಾರವಾಡದವಳು
ಅಪ್ಪ ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿದವರು. ಈಗ ಅವರಿಗೆ ಎಪ್ಪತ್ತೊಂದು. ಮೇ ತಿಂಗಳಲ್ಲಿ ಸ್ಟುಟ್‌ಗಾರ್ಟಿನ ನನ್ನ ಮನೆಗೆ ಬರುತ್ತಾರೆ. ಅಲ್ಲಿಂದ ನಾನು, ಅಣ್ಣ, ಅಪ್ಪ ಮೂವರೂ ಟರ್ಕಿಗೆ ಹೊರಡುತ್ತೇವೆ. ರಜೆ ಇರುವುದು ಹದಿನಾರು ದಿನ. ಇಸ್ತಾಂಬುಲಿನಲ್ಲಿ ಕಾರು ಬಾಡಿಗೆಗೆ ಪಡೆದು ಟ್ರಾಯ್, ಎಫೆಸಸ್, ಪಾಮುಕ್ಕಲೆ, ಅಂತಾಲ್ಯ, ಕೊನ್ಯಾ, ಕಪ್ಪಡೋಕಿಯಾ, ನೆಮ್ರುತ್ ಬೆಟ್ಟ, ಗೋಬೆಕ್ಲಿ ತೆಪೆ, ವಾನ್, ಆನಿ, ಹತ್ತುಶಾ, ಅಂಕಾರಾ ನೋಡಿಕೊಂಡು ಮರಳಿ ಇಸ್ತಾಂಬುಲಿಗೆ ಬರುವುದೆಂದು ಬರೆದುಕೊಂಡಿದ್ದೇನೆ. ನಕ್ಷೆಯಲ್ಲಿ ಕೂಡಿಸಿ ನೋಡಿದರೆ 4,500 ಕಿ.ಮೀ. ದಾಟುತ್ತದೆ.

ಅಪ್ಪನ ಪಟ್ಟಿಯಲ್ಲಿ ಮೊದಲ ಹೆಸರು ಹತ್ತುಶಾ. ಕಪ್ಪು ಹಲಗೆಯ ಮೇಲೆ ಆ ಜಾಗದ ಹಳ್ಳಿಯ ಹೆಸರನ್ನು ‘ಬೋಗಜ್‌ಕೊಯ್’ ಎಂದು ಬರೆದು, ಇಂದ್ರ, ವರುಣ, ಮಿತ್ರರ ಹೆಸರುಗಳಿರುವ ಮಣ್ಣಿನ ಫಲಕದ ಕಥೆಯನ್ನು ಪ್ರತಿವರ್ಷ ಹೇಳುತ್ತಿದ್ದರು. ಎಂಟನೆಯ ತರಗತಿಯಲ್ಲಿ ನಾನೂ ಕುಳಿತು ಕೇಳಿದ್ದೇನೆ. ಅವರು ಈವರೆಗೆ ಭಾರತ ಬಿಟ್ಟು ಹೊರಗೆ ಹೋದವರಲ್ಲ. ಯಾವುದನ್ನೂ ಬಿಡಲು ಮನಸ್ಸು ಬರುತ್ತಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ದೂರದಾರಿ
ಲೆಕ್ಕ ನೀವೇ ಮಾಡಿದ್ದೀರಿ: ದಿನಕ್ಕೆ ಸರಾಸರಿ 280 ಕಿ.ಮೀ., ಹದಿನಾರು ದಿನವೂ ಬಿಡುವಿಲ್ಲದೆ. ಟರ್ಕಿಯ ವಿಸ್ತೀರ್ಣ ಸುಮಾರು 7,83,000 ಚದರ ಕಿ.ಮೀ., ಅಂದರೆ ನಾಲ್ಕು ಕರ್ನಾಟಕ. ಬೀದರಿನಿಂದ ಚಾಮರಾಜನಗರದವರೆಗಿನ ಎಲ್ಲ ಸ್ಮಾರಕಗಳನ್ನೂ ಎರಡು ವಾರದಲ್ಲಿ ನೋಡುತ್ತೇನೆ ಎಂದು ಯಾರಾದರೂ ಬಂದರೆ ನೀವು ಏನು ಹೇಳುತ್ತೀರಿ? ಅಂಥವರು ಹಂಪಿಗೆ ಅರ್ಧ ದಿನ ಕೊಟ್ಟು, ಕಲ್ಲಿನ ರಥದ ಮುಂದೆ ಚಿತ್ರ ತೆಗೆಸಿಕೊಂಡು ಹೊರಡುತ್ತಾರೆ. ನಿಮ್ಮ ಅಪ್ಪನಿಗೆ ಹಾಗೆ ಮಾಡಬೇಡಿ. ವಾನ್ ಮತ್ತು ಆನಿಯನ್ನು ಇವತ್ತೇ ಹೊಡೆದುಹಾಕಿ. ಆನಿಯಿರುವ ಕಾರ್ಸ್ ಪ್ರಾಂತ್ಯದಿಂದ ಹತ್ತುಶಾಕ್ಕೆ ಬರಲು ಎರಡು ಪೂರ್ತಿ ದಿನ ಬೇಕು.

ಏಜಿಯನ್ ಗಾಳಿ
ನಾನು ಟರ್ಕಿಯ ಪಶ್ಚಿಮ ಭಾಗದ ಪರವಾಗಿ ಮಾತನಾಡುತ್ತೇನೆ. ಸೆಲ್ಚುಕ್ ಎಂಬ ಪುಟ್ಟ ಊರಿನಲ್ಲಿ ಐದು ರಾತ್ರಿ ಉಳಿದುಕೊಳ್ಳಿ. ಗ್ರೀಕ್-ರೋಮನ್ ಕಾಲದ ನಗರ ಎಫೆಸಸ್ ಅಲ್ಲಿಂದ ಮೂರು ಕಿ.ಮೀ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋದರೆ ಸೆಲ್ಸಸ್ ಗ್ರಂಥಾಲಯದ ಎದುರು ನೀವು ಮೂವರೇ ಇರುತ್ತೀರಿ. ಹಡಗಿನ ಪ್ರವಾಸಿಗರು ಬಂದ ಮೇಲೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂದು ದಿನ ಅಫ್ರೋಡಿಸಿಯಸ್‌ಗೆ ಮೀಸಲಿಡಿ. ಅಲ್ಲಿಯ ಓಟದ ಅಂಗಳದಲ್ಲಿ ಸುಮಾರು 30,000 ಜನ ಕೂರುತ್ತಿದ್ದರು. ಕಲ್ಲಿನ ಸಾಲುಗಳು ಇಂದಿಗೂ ಬಹುಪಾಲು ಹಾಗೆಯೇ ಇವೆ. ನಾನು ಹೋದ ದಿನ ಅಷ್ಟು ದೊಡ್ಡ ಅಂಗಳದಲ್ಲಿ ಒಬ್ಬ ಕುರಿಗಾಹಿ ಮತ್ತು ನಾನು, ಇಬ್ಬರೇ. ಮತ್ತೊಂದು ದಿನ ಪೆರ್ಗಮಾನ್. ಅಂತರ ಕಡಿಮೆ, ರಸ್ತೆ ಚೆನ್ನಾಗಿದೆ, ಹಿರಿಯರಿಗೆ ದಣಿವಾಗುವುದಿಲ್ಲ. ಹತ್ತುಶಾದಲ್ಲಿ ನೋಡಲು ಏನಿದೆ? ಬರೀ ಅಡಿಪಾಯದ ಕಲ್ಲು. ಅಷ್ಟು ದೂರ ಹೋಗಿ ನಿಮ್ಮ ಅಪ್ಪ ನಿರಾಶರಾದರೆ ಎಂಬ ಚಿಂತೆಯಿಂದಲೇ ಹೇಳುತ್ತಿದ್ದೇನೆ.

ಶಾಸನದ ಸಾಲು
ಏಜಿಯನ್ ಗಾಳಿಯವರ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ಆ ಅಡಿಪಾಯದ ಕಲ್ಲುಗಳ ನಡುವೆ ಎರಡು ದಿನ ತಿರುಗಿದವನು ನಾನು.

ಹತ್ತುಶಾ, ಮೂರು ಸಾವಿರ ವರ್ಷಕ್ಕೂ ಹಿಂದೆ ಈ ಸೀಮೆಯನ್ನು ಆಳಿದ ಹಿಟ್ಟೈಟರ ರಾಜಧಾನಿ. ಅಂಕಾರಾದಿಂದ ಸುಮಾರು 200 ಕಿ.ಮೀ. ದೂರದ ಬೋಗಜ್‌ಕಲೆ ಎಂಬ ಹಳ್ಳಿಗೆ ಅಂಟಿಕೊಂಡಿದೆ. ಬೋಗಜ್‌ಕೊಯ್ ಎಂಬುದು ಅದೇ ಹಳ್ಳಿಯ ಹಳೆಯ ಹೆಸರು. ಕೋಟೆಯೊಳಗೆ ಕಾರು ಓಡಾಡುವ ರಸ್ತೆ ಬಳಸಿಕೊಂಡು ಹೋಗುತ್ತದೆ. ಪ್ರತಿ ಬಾಗಿಲಿನ ಬಳಿ ಇಳಿದು ನೋಡಿ ಮತ್ತೆ ಹತ್ತಬಹುದು, ಹಾಗಾಗಿ ಅಪ್ಪನ ಕಾಲಿಗೂ ಅನುಕೂಲ. ಸಿಂಹಗಳ ಬಾಗಿಲಲ್ಲಿ ಎರಡು ಸಿಂಹಗಳು ಬಾಯಿ ತೆರೆದು ನಿಂತಿವೆ. ಯೆರ್‌ಕಪಿ ಎಂಬಲ್ಲಿ ಕೋಟೆಯ ದಿಬ್ಬದ ಅಡಿಯಲ್ಲಿ ಸುಮಾರು 70 ಮೀಟರ್ ಉದ್ದದ ಸುರಂಗವಿದೆ. ಗಾರೆಯಿಲ್ಲದೆ ಕಲ್ಲುಗಳನ್ನು ಒಂದಕ್ಕೊಂದು ವಾಲಿಸಿ ನಿಲ್ಲಿಸಿದ್ದಾರೆ. ಮೂರು ಸಾವಿರ ವರ್ಷಕ್ಕೂ ಹಿಂದಿನ ಆ ಕೆಲಸದೊಳಗೆ ನಡೆದು ಆಚೆ ಬದಿಯ ಬೆಳಕಿಗೆ ಬರಬಹುದು. ಎರಡು ಕಿ.ಮೀ. ದೂರದ ಯಾಜಿಲಿಕಾಯದಲ್ಲಿ ಬಂಡೆಯ ಮೇಲೆ ದೇವರುಗಳ ಮೆರವಣಿಗೆ ಕೆತ್ತಿದ್ದಾರೆ. ಅದನ್ನು ನೋಡಲು ಮಧ್ಯಾಹ್ನವೇ ಹೋಗಿ, ಓರೆ ಬಿಸಿಲಿನಲ್ಲಿ ಕೆತ್ತನೆ ಎದ್ದು ಕಾಣುತ್ತದೆ.

ಇನ್ನು ಅಪ್ಪ ಹೇಳುತ್ತಿದ್ದ ಆ ಫಲಕ. ಅದೊಂದು ಒಪ್ಪಂದ. ಕ್ರಿ.ಪೂ. 14ನೆಯ ಶತಮಾನದಲ್ಲಿ ಹಿಟ್ಟೈಟ್ ದೊರೆ ಸುಪ್ಪಿಲುಲಿಯುಮ ಮತ್ತು ಉತ್ತರ ಸಿರಿಯಾ ಸೀಮೆಯ ಮಿತಾನಿ ರಾಜ್ಯದ ಶತ್ತಿವಾಜ ಮಾಡಿಕೊಂಡದ್ದು. ಸಾಕ್ಷಿಗೆ ಕರೆದ ದೇವರುಗಳ ಉದ್ದನೆಯ ಪಟ್ಟಿಯಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರು (ಅಶ್ವಿನಿ ದೇವತೆಗಳು) ಬರುತ್ತಾರೆ. ಕಿಕ್ಕುಲಿ ಎಂಬ ಮಿತಾನಿಯ ಕುದುರೆ ಪಳಗಿಸುವವನ ಕೈಪಿಡಿಯೂ ಇಲ್ಲಿಯೇ ಸಿಕ್ಕಿತು. ಕುದುರೆ ಎಷ್ಟು ಸುತ್ತು ಓಡಬೇಕು ಎನ್ನುವಾಗ ಅವನು ಬಳಸುವ ಸಂಖ್ಯೆಗಳು ಐಕ, ತೇರ, ಪಂಜ, ಸತ್ತ. ಏಕ, ತ್ರಿ, ಪಂಚ, ಸಪ್ತ ಕಲಿತ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ.

ಎರಡು ಎಚ್ಚರಿಕೆ ಹೇಳಲೇಬೇಕು. ಈ ದೇವರುಗಳು ಮಿತಾನಿಯ ಕಡೆಯಿಂದ ಬಂದವರು, ಹಿಟ್ಟೈಟರ ದೇವರುಗಳಲ್ಲ. ಮಿತಾನಿಯಲ್ಲಿಯೂ ಜನರ ಮಾತು ಹುರ್ರಿಯನ್. ಇಂಡೋ-ಆರ್ಯ ಪದಗಳು ಅರಸು ಮನೆತನದ ಹೆಸರುಗಳಲ್ಲಿ, ಕುದುರೆ ವಿದ್ಯೆಯಲ್ಲಿ, ಕೆಲವು ದೇವರುಗಳಲ್ಲಿ ಮಾತ್ರ ಉಳಿದಿವೆ. ಅಪ್ಪನಿಗೆ ಇದು ಖಂಡಿತ ಗೊತ್ತಿರುತ್ತದೆ, ಓದುವ ಇತರರಿಗಾಗಿ ಬರೆದೆ. ಎರಡನೆಯದು, 1906ರಲ್ಲಿ ಅಗೆತ ಶುರುವಾದಾಗಿನಿಂದ ಸಿಕ್ಕ ಫಲಕಗಳೆಲ್ಲ ವಸ್ತುಸಂಗ್ರಹಾಲಯಗಳನ್ನು ಸೇರಿವೆ. ಆ ಅಕ್ಷರಗಳನ್ನು ಹತ್ತುಶಾದಲ್ಲಿ ಹುಡುಕಬೇಡಿ. ಈಜಿಪ್ಟಿನ ರಾಮ್ಸೆಸ್ ಜೊತೆಗಿನ ಕಾದೆಶ್ ಶಾಂತಿ ಒಪ್ಪಂದದ ಫಲಕ ಇಸ್ತಾಂಬುಲಿನ ಪುರಾತತ್ವ ಸಂಗ್ರಹಾಲಯದ ಪ್ರಾಚೀನ ಪೂರ್ವದೇಶಗಳ ವಿಭಾಗದಲ್ಲಿದೆ. ಆ ವಿಭಾಗ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಅಪ್ಪನನ್ನು ಅಲ್ಲಿಗೆ ಕರೆದೊಯ್ಯಿರಿ.

ಏಜಿಯನ್ ಗಾಳಿ
ಸುರಂಗದ ವಿಷಯ ನನಗೆ ಗೊತ್ತಿರಲಿಲ್ಲ. ನಾನು ಹತ್ತುಶಾಕ್ಕೆ ಹೋಗದೆಯೇ ಹೇಳಿದ್ದು, ತಪ್ಪಾಯಿತು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಒಮ್ಮೆ ಮಾತ್ರ ಟರ್ಕಿಗೆ ಹೋಗಬಲ್ಲ ಇತಿಹಾಸದ ಮೇಷ್ಟ್ರು ಎಫೆಸಸ್ ನೋಡದೆ ಬರುವುದೇ?

ಮುಳುಗಿದ ಪೇಟೆ
ನಾನು ಹಳೆಯ ಬಾಗಲಕೋಟೆಯವನು. ಆಲಮಟ್ಟಿಯ ಹಿನ್ನೀರು ನಮ್ಮ ಓಣಿಗೆ ಬಂದಾಗ ನನಗೆ ಹತ್ತೊಂಬತ್ತು. ಅದಕ್ಕೇ ಟರ್ಕಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಊರು ಬೇರೆ.

ಗಾಜಿಯಾನ್ತೆಪ್‌ಗೆ ಹೋಗಿ. ಯೂಫ್ರಟಿಸ್ ದಂಡೆಯ ಜೂಗ್ಮಾ ಎಂಬ ಗ್ರೀಕ್-ರೋಮನ್ ಪಟ್ಟಣದ ಒಂದು ಭಾಗ 2000ದಲ್ಲಿ ಬಿರೆಜಿಕ್ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ನೀರು ಏರುತ್ತಿದ್ದಂತೆ ಅಗೆದು ಎತ್ತಿದ ಮೊಸಾಯಿಕ್ ಚಿತ್ರಗಳಿಗಾಗಿಯೇ 2011ರಲ್ಲಿ ಒಂದು ದೊಡ್ಡ ಸಂಗ್ರಹಾಲಯ ತೆರೆದರು. ಕತ್ತಲ ಕೋಣೆಯೊಂದರಲ್ಲಿ ‘ಜಿಪ್ಸಿ ಹುಡುಗಿ’ ಎಂದು ಕರೆಯುವ ಮುಖವೊಂದಿದೆ. ಎಲ್ಲಿ ನಿಂತರೂ ಅವಳು ನಮ್ಮನ್ನೇ ನೋಡುತ್ತಾಳೆ. ನಾನು ಅವಳ ಮುಂದೆ ಅರ್ಧ ಗಂಟೆ ಕುಳಿತಿದ್ದೆ. ಮನೆಯೊಂದರ ನೆಲಹಾಸು ಅದು. ಆ ಮನೆಯಲ್ಲಿ ಮಕ್ಕಳು ಓಡಾಡಿದ್ದರು.

ತೈಗ್ರಿಸ್ ದಂಡೆಯ ಹಸನ್‌ಕೈಫ್ 2020ರಲ್ಲಿ ಇಲಿಸು ಅಣೆಕಟ್ಟಿನಿಂದ ಮುಳುಗಿತು. ಅಲ್ಲಿಯ ಜೈನೆಲ್ ಬೇ ಗೋರಿಯನ್ನು ಇಡಿಯಾಗಿ ಎತ್ತಿ ಚಕ್ರದ ಗಾಡಿಯ ಮೇಲೆ ಸುಮಾರು ಎರಡು ಕಿ.ಮೀ. ಸಾಗಿಸಿದರು. ಅದು ನಿಮ್ಮ ದಾರಿಗೆ ದೂರ, ಬಿಡಿ. ಆದರೆ ಎಫೆಸಸ್ ಇನ್ನೂ ನೂರಾರು ವರ್ಷ ಅಲ್ಲಿಯೇ ಇರುತ್ತದೆ. ನೀರು ಮತ್ತು ಭೂಕಂಪ ತಾಗಿದ ಊರುಗಳನ್ನು ಮೊದಲು ನೋಡಿ. 2023ರ ಫೆಬ್ರವರಿ 6ರ ಭೂಕಂಪದಲ್ಲಿ ಗಾಜಿಯಾನ್ತೆಪ್ ಕೋಟೆಯ ಗೋಡೆಗಳು ಕುಸಿದವು, ಆ ಸೀಮೆಯಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಯ ಸಣ್ಣ ಹೋಟೆಲುಗಳಿಗೆ ಅತಿಥಿಗಳು ಬೇಕು.

ಬಸ್ಸಿನ ಕಿಟಕಿ
ಕಾರು ಏಕೆ? ಟರ್ಕಿಯ ದೂರದ ಬಸ್ಸುಗಳು ಅಷ್ಟು ಅಚ್ಚುಕಟ್ಟು. ಚಹಾ ಕೊಡುತ್ತಾರೆ, ಕೈಗೆ ನಿಂಬೆಯ ಕಂಪಿನ ಕೊಲೊನ್ಯಾ ಸುರಿಯುತ್ತಾರೆ. ಇಸ್ತಾಂಬುಲ್, ಅಂಕಾರಾ, ಕೊನ್ಯಾಗಳ ನಡುವೆ ಅತಿವೇಗದ ರೈಲೂ ಇದೆ. ನನಗೆ ಬಾಡಿಗೆ ಕಾರಿನ ಕಹಿ ಅನುಭವವಾಗಿದೆ: ಮೊದಲೇ ಇದ್ದ ಗೀರಿಗೆ ನನ್ನಿಂದ ದಂಡ ವಸೂಲಿ ಮಾಡಿದರು. ಕಂಪನಿಯ ಹೆಸರು ಬೇಡ. ಬಸ್ಸಿನಲ್ಲಿ ಪಕ್ಕದವರೊಡನೆ ಮಾತನಾಡಬಹುದು. ನನಗೆ ಆ ದೇಶ ಗೊತ್ತಾದದ್ದೇ ಹಾಗೆ.

ದೂರದಾರಿ
ನಗರದಿಂದ ನಗರಕ್ಕೆ ಬಸ್ಸು ಸರಿ. ಹತ್ತುಶಾಕ್ಕೆ ಸುಂಗುರ್ಲು ಎಂಬ ಊರಿನಲ್ಲಿ ಇಳಿದು ಸಣ್ಣ ವ್ಯಾನಿಗೆ ಕಾಯಬೇಕು, ಹಳ್ಳಿ ತಲುಪಿದ ಮೇಲೆ ಕೋಟೆಯ ಏರನ್ನು ನಡೆದೇ ಹತ್ತಬೇಕು. ನೆಮ್ರುತ್‌ಗೆ ನಸುಕಿನಲ್ಲಿ ಹೋಗಲು ಬಸ್ಸೇ ಇಲ್ಲ. ಎಪ್ಪತ್ತೊಂದರ ಹಿರಿಯರೊಡನೆ ಕಾರೇ ಬೇಕು. ಕಾರು ಕೈಗೆ ಬಂದ ಕೂಡಲೇ ನಾಲ್ಕೂ ಬದಿ ವೀಡಿಯೊ ಮಾಡಿಕೊಳ್ಳಿ, ಗಾಜು ಮತ್ತು ಟೈರು ಸಹಿತ. ಹೆದ್ದಾರಿ ಸುಂಕಕ್ಕೆ ಎಚ್‌ಜಿಎಸ್ ಪಟ್ಟಿ ಅಂಟಿಸಿದೆಯೇ ನೋಡಿ. ಆಗ್ನೇಯದಲ್ಲಿ ಜಂಡರ್ಮಾ (ಗ್ರಾಮೀಣ ಪೊಲೀಸ್ ಪಡೆ) ತಪಾಸಣೆ ಸಾಮಾನ್ಯ, ಪಾಸ್‌ಪೋರ್ಟ್ ಕೈಗೆಟುಕುವಂತೆ ಇರಲಿ. ರಾತ್ರಿ ಹಳ್ಳಿರಸ್ತೆಯಲ್ಲಿ ಓಡಿಸಬೇಡಿ. ಅಪ್ಪನ ಬಳಿ ಚಾಲ್ತಿಯಲ್ಲಿರುವ ಶೆಂಗೆನ್ ವೀಸಾ ಇರುವುದರಿಂದ ಟರ್ಕಿಯ ಇ-ವೀಸಾಕ್ಕೆ ದಾರಿ ಇದೆ. ನಿಯಮಗಳನ್ನು ಅಧಿಕೃತ ತಾಣದಲ್ಲೇ ಓದಿಕೊಳ್ಳಿ.

ಧಾರವಾಡದವಳು
ನಿಮ್ಮೆಲ್ಲರ ಮಾತುಗಳನ್ನು ನಿನ್ನೆ ರಾತ್ರಿ ಫೋನಿನಲ್ಲಿ ಅಪ್ಪನಿಗೆ ಓದಿದೆ. ಕಿಕ್ಕುಲಿಯ ಹೆಸರು ಬಂದಾಗ ನಡುವೆಯೇ ತಡೆದು “ಸತ್ತ ಆದ ಮೇಲೆ ನ, ಒಂಬತ್ತಕ್ಕೆ ನ, ಅದನ್ನು ಬಿಟ್ಟಿದ್ದಾರೆ” ಎಂದರು. ಎಫೆಸಸ್ ಬಗ್ಗೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದರ ಚಿತ್ರ ಎಲ್ಲ ಪುಸ್ತಕದಲ್ಲೂ ಇದೆ, ಆ ಸುರಂಗದ ಚಿತ್ರ ನಾನು ನೋಡಿಲ್ಲ” ಎಂದರು. ಅಲ್ಲಿಗೆ ನಿರ್ಧಾರವಾಯಿತು. ಏಜಿಯನ್ ಗಾಳಿಯವರು ಕ್ಷಮಿಸಬೇಕು.

ಆದರೆ ಅಪ್ಪನ ಮೊಣಕಾಲು ಚೆನ್ನಾಗಿಲ್ಲ. ನೆಮ್ರುತ್ ಹತ್ತಬಹುದೇ?

ಶಾಸನದ ಸಾಲು
‘ನ’ ಬಿಟ್ಟದ್ದು ನನ್ನ ತಪ್ಪು, ಮೇಷ್ಟ್ರಿಗೆ ನಮಸ್ಕಾರ ತಿಳಿಸಿ.

ನೆಮ್ರುತ್ 2,100 ಮೀಟರಿಗೂ ಎತ್ತರ. ಮೇಲಿನವರೆಗೆ ವಾಹನ ಹೋಗುವುದಿಲ್ಲ, ಕೊನೆಯ ಭಾಗವನ್ನು ನಡೆದೇ ಏರಬೇಕು. ಕಮ್ಮಗೀನ್ ಎಂಬ ಸಣ್ಣ ಪ್ರಾಚೀನ ರಾಜ್ಯದ ದೊರೆ ಅಂತಿಯೋಕಸ್ ತನ್ನ ಸಮಾಧಿಯ ಎರಡೂ ಬದಿಗೆ ದೇವರುಗಳನ್ನು ಕೂರಿಸಿದ್ದಾನೆ, ತಲೆಗಳು ಉರುಳಿ ನೆಲದ ಮೇಲಿವೆ. ಎಲ್ಲರೂ ಸೂರ್ಯೋದಯಕ್ಕೆ ಓಡುತ್ತಾರೆ. ನೀವು ಸಂಜೆ ಹೋಗಿ: ಕತ್ತಲಲ್ಲಿ ಏರುವ ಭಯವಿಲ್ಲ, ಮಧ್ಯೆ ಮಧ್ಯೆ ಕೂರಬಹುದು, ಪಶ್ಚಿಮದ ಜಗಲಿಯ ತಲೆಗಳ ಮೇಲೆ ಹೊಂಬಿಸಿಲು ಬೀಳುತ್ತದೆ. ಮೇ ಕೊನೆಯಲ್ಲೂ ಗಾಳಿ ಕೊರೆಯುತ್ತದೆ, ಸ್ವೆಟರ್ ಮತ್ತು ಮಫ್ಲರ್ ಬೇಕೇ ಬೇಕು. ಆಗಲಿಲ್ಲವೆಂದರೆ ಕೆಳಗಿನ ಜೆಂದೆರೆ ಸೇತುವೆಯೇ ಸಾಕು. ರೋಮನ್ ದೊರೆ ಸೆವೆರಸ್ ಕಾಲದ ಸೇತುವೆಯ ತುದಿಗಳಲ್ಲಿ ನಾಲ್ಕು ಕಂಬಗಳಿದ್ದವು, ಈಗ ಮೂರಿವೆ. ನಾಲ್ಕನೆಯದು ಕಿರಿಯ ಮಗ ಗೇಟನದು. ಅಣ್ಣ ಕಾರಕಲ್ಲ ಅವನನ್ನು ಕೊಲ್ಲಿಸಿದ ಮೇಲೆ ಕಂಬವನ್ನೂ ತೆಗೆಸಿದ ಎನ್ನುತ್ತಾರೆ.

ಧಾರವಾಡದವಳು
ಹೊಸ ದಾರಿ ಹೀಗಿದೆ. ಅಂಕಾರಾಕ್ಕೆ ವಿಮಾನ, ಅಲ್ಲಿ ಎರಡು ರಾತ್ರಿ. ಅನತೋಲಿಯಾ ನಾಗರಿಕತೆಗಳ ಸಂಗ್ರಹಾಲಯದಲ್ಲಿ ಕೊನ್ಯಾ ಬಳಿಯ ಶಿಲಾಯುಗದ ನೆಲೆ ಚತಲ್‌ಹೊಯುಕ್‌ನ ಕುಳಿತ ತಾಯಿಯ ಮೂರ್ತಿ ಇರುವುದರಿಂದ ಕೊನ್ಯಾ ಕಡೆಗೆ ಹೋಗುವುದಿಲ್ಲ. ಕಾರು ಅಂಕಾರಾದಲ್ಲೇ ಸಿಗುತ್ತದೆ. ಹತ್ತುಶಾ ಎರಡು ರಾತ್ರಿ, ಕಪ್ಪಡೋಕಿಯಾ ಎರಡು, ನೆಮ್ರುತ್ ಬುಡದ ಹಳ್ಳಿ ಎರಡು, ಗೋಬೆಕ್ಲಿ ತೆಪೆಗಾಗಿ ಷಾನ್ಲಿಉರ್ಫಾ ಎರಡು, ಗಾಜಿಯಾನ್ತೆಪ್ ಎರಡು. ಕಾರನ್ನು ಅಲ್ಲಿಯೇ ಬಿಟ್ಟು ವಿಮಾನದಲ್ಲಿ ಇಸ್ತಾಂಬುಲಿಗೆ, ಅಲ್ಲಿ ಮೂರು. ಕಾರಿನ ಓಟ ಸುಮಾರು 1,300 ಕಿ.ಮೀ. ಬೇರೆ ಊರಿನಲ್ಲಿ ಕಾರು ಬಿಡುವುದಕ್ಕೆ ಹೆಚ್ಚುವರಿ ಹಣ ಕೇಳುತ್ತಾರೆ, ಕೊಡುತ್ತೇನೆ.

ಅಪ್ಪ ಸಸ್ಯಾಹಾರಿ. ಆ ಕಡೆ ಊಟಕ್ಕೆ ಏನು ಮಾಡಲಿ?

ಮುಳುಗಿದ ಪೇಟೆ
ಬೆಳಗಿನ ಉಪಾಹಾರ ಹೊಟ್ಟೆ ತುಂಬ ಇರುತ್ತದೆ: ಬ್ರೆಡ್, ಚೀಸ್, ಆಲಿವ್, ಟೊಮೆಟೊ, ಜೇನು. ಬೇಳೆ ಸಾರಿನಂಥ ಮೆರ್ಜಿಮೆಕ್ ಎಲ್ಲೆಡೆ ಸಿಗುತ್ತದೆ, ಆದರೆ ಮಾಂಸದ ರಸ ಹಾಕಿದ್ದಾರೆಯೇ ಎಂದು ಕೇಳಿ. ಪಾಲಕ್ ಅಥವಾ ಆಲೂಗಡ್ಡೆ ತುಂಬಿದ ಗೊಜ್ಲೆಮೆ ನಮ್ಮ ಪರೋಟದ ತಮ್ಮ. ‘ಎತ್‌ಸಿಜ್’ ಎಂದರೆ ಮಾಂಸವಿಲ್ಲದ್ದು, ಆ ಒಂದು ಪದ ಅಪ್ಪನಿಗೂ ಕಲಿಸಿ. ನಮ್ಮ ಕಡೆಯ ಶೇಂಗಾ ಚಟ್ನಿಪುಡಿಯ ಒಂದು ಡಬ್ಬಿ ಕಾರಿನಲ್ಲಿರಲಿ. ಗಾಜಿಯಾನ್ತೆಪ್‌ನಲ್ಲಿ ಪಿಸ್ತಾ ಬಕ್ಲಾವಾ ತಿನ್ನುವಾಗ ನನ್ನನ್ನು ನೆನೆಯಿರಿ.

ಏಜಿಯನ್ ಗಾಳಿ
ಯೆರ್‌ಕಪಿಯ ಸುರಂಗದಲ್ಲಿ ಅಪ್ಪನ ಒಂದು ಚಿತ್ರ ತೆಗೆದು ಇಲ್ಲಿ ಹಾಕಿ. ಮುಂದಿನ ವರ್ಷ ನಾನೂ ಹೋಗುತ್ತೇನೆ.