ಸಹಾಯ ಬೇಕು: ಶಾಲೆಗೆ ಹೊಸ ದಾರಿ, ಆದರೆ ಮರಗಳು?

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಮಗಳು ಓದುವ ಶಾಲೆಯವರು ಹಿಂದಿನ ಅಡ್ಡರಸ್ತೆಯಿಂದ ವಾಹನಗಳಿಗೆ ಹೊಸ ದಾರಿ ಮಾಡಲು ಹೊರಟಿದ್ದಾರೆ. ಈಗ ಬೆಳಿಗ್ಗೆ ಮುಂದಿನ ಗೇಟಿನಲ್ಲಿ ವ್ಯಾನು, ಆಟೋ, ಸ್ಕೂಟರ್ ಎಲ್ಲ ಸಿಕ್ಕಿಹಾಕಿಕೊಳ್ಳುತ್ತವೆ. ಪುಟ್ಟ ಮಕ್ಕಳು ಬ್ಯಾಗ್ ಹೊತ್ತು ಅವುಗಳ ಮಧ್ಯೆ ನುಸುಳಬೇಕು. ಹಾಗಾಗಿ ದಾರಿಯೇ ಬೇಡ ಅನ್ನಲು ಮನಸ್ಸಿಲ್ಲ.

ಆದರೆ ಅದಕ್ಕಾಗಿ ಕಾಂಪೌಂಡ್ ಪಕ್ಕದ ಹಳೇ ಮಳೆಮರಗಳು ಹೋಗುತ್ತವೆ. ನೀರು ಇಂಗುವ ಮಣ್ಣಿಗೂ ಕಾಂಕ್ರೀಟ್ ಬೀಳುತ್ತದೆ. ಅಡ್ಡರಸ್ತೆಯೂ ಕಿರಿದು, ಜಾಮ್ ಸುಮ್ನೆ ಅಲ್ಲಿಗೆ ಹೋಗಿ ನಿಂತರೆ ಏನು ಬಂತು?

ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಬೇಕು ಅಲ್ವಾ? ಆಕ್ಷೇಪಣೆ ಸಲ್ಲಿಸಿದವರು ಯಾರಾದರೂ ಇದ್ದೀರಾ? ತರಗತಿವಾರು ಬೇರೆ ಬೇರೆ ಸಮಯಕ್ಕೆ ಬಿಡುವುದು, ಏಕಮುಖ ಸಂಚಾರ, ಇವು ನಿಮ್ಮ ಶಾಲೆಯಲ್ಲಿ ಕೆಲಸ ಮಾಡಿವೆಯಾ? ಶನಿವಾರ ಪೋಷಕರ ಸಭೆ ಇದೆ, ಅಷ್ಟರೊಳಗೆ ದಯವಿಟ್ಟು ತಿಳಿಸಿ.